ಮೂರನೇ ಬೆರಳಿನ ಜಾರು

ಸೋಮವಾರ, ಮಧ್ಯಾಹ್ನ

ಪಕ್ಕದ ಕುರ್ಚಿಯವನಿಗೆ,

ಈ ಕಾಗದವನ್ನು ‘ನೀವು’ ಅಂತ ಗೌರವವಾಗಿಯೇ ಶುರು ಮಾಡಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ನನಗೇ ನಗು ಬಂದು ಹರಿದು ಹಾಕಿದೆ. ಒಂದೇ ಮೇಷ್ಟ್ರ ಹತ್ತಿರ ಜೊತೆಯಲ್ಲಿ ಕಿವಿ ಹಿಂಡಿಸಿಕೊಂಡು ಕಲಿತವನನ್ನು ಬೈಯಬೇಕಾದರೆ ‘ನೀನು’ ಅಂತಲೇ ಬೈಯಬೇಕು, ಇಲ್ಲದಿದ್ದರೆ ಬೈದ ಹಾಗೇ ಆಗುವುದಿಲ್ಲ. ನಿನ್ನ ಯೋಗಕ್ಷೇಮ ವಿಚಾರಿಸುವುದಿಲ್ಲ. ನೀನು ಚೆನ್ನಾಗಿಲ್ಲ ಅಂತ ಗೊತ್ತಾಗಿದೆ, ಆದ್ದರಿಂದ ನಾನು ಚೆನ್ನಾಗಿದ್ದೇನೆ.

ನೀನು ಕಳಿಸಿದ ರಾಯಭಾರಿ ನಿನ್ನೆ ಬಂದಿದ್ದರು. ಆಳೆತ್ತರದ ಪಿಟೀಲು ನುಡಿಸುವ ಡಬಲ್ ಬಾಸ್ ಮಾವ. ಇಡೀ ವಾದ್ಯವೃಂದಕ್ಕೆ ಮಾವನಾಗಿರುವ ಆ ಮನುಷ್ಯನನ್ನು ಕಳಿಸಿದರೆ ನಾನು ಮುಖದ ಮೇಲೆ ಬಾಗಿಲು ಹಾಕಲಾರೆ ಅಂತ ಲೆಕ್ಕ ಹಾಕಿದ್ದೀಯ. ಲೆಕ್ಕ ಸರಿಯಾಗಿಯೇ ಇತ್ತು. ಇಸ್ತ್ರಿ ಅಂಗಡಿಯ ಮೇಲಿನ ಈ ಕೋಣೆಗೆ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದು, ಇರುವ ಒಂದೇ ಕುರ್ಚಿಯಲ್ಲಿ ಕೂತರು. ಮಂಡಿನೋವು, ಬಾಡಿಗೆ ಮನೆಯ ತಾಪತ್ರಯ, ಟ್ರೊಂಬೋನಿನವನ ಎರಡನೇ ಮದುವೆ ಎಲ್ಲ ಮುಗಿಸಿ, ಅದರ ಜೊತೆಗೆ ನನ್ನ ಬಿಸ್ಕತ್ತಿನ ಡಬ್ಬವನ್ನೂ ಮುಗಿಸಿ, ಕೊನೆಗೆ ವಿಷಯಕ್ಕೆ ಬಂದರು. ನಿನ್ನ ಪಕ್ಕದಲ್ಲಿ ಕೂರುವ ಸಹಮುಖ್ಯ ಪಿಟೀಲಿನ ಸ್ಥಾನ ನಾನು ಗೆದ್ದೆನಲ್ಲ, ಅದನ್ನು ಆರೋಗ್ಯದ ನೆಪ ಹೇಳಿ ಬಿಟ್ಟುಬಿಡಬೇಕಂತೆ. ಬಿಡದಿದ್ದರೆ ಆಡಿಷನ್ನಿನಲ್ಲಿ ನಾನು ಮೋಸ ಮಾಡಿದೆ ಅಂತ ಮ್ಯಾನೇಜರಿಗೆ ದೂರು ಕೊಡುತ್ತೀಯಂತೆ. ಜೊತೆಗೆ ನನ್ನ ಎಡಗೈ ನಡುಗುವ ವಿಷಯವನ್ನೂ ಮತ್ತೆ ಎತ್ತಬೇಕಾಗುತ್ತದಂತೆ. ಇಷ್ಟು ಹೇಳಿ ಮಾವ ನನ್ನ ಮುಖ ನೋಡಲಾರದೆ ಡಬ್ಬದ ತಳದ ಪುಡಿ ನೋಡುತ್ತಾ ಕೂತರು. ಪಾಪ, ಅವರದೇನು ತಪ್ಪು? ಉತ್ತರ ನಾನೇ ಬರೆದು ಕಳಿಸುತ್ತೇನೆ, ನೀವು ಇನ್ನೊಂದು ಸಲ ಈ ಮೆಟ್ಟಿಲು ಹತ್ತುವ ಪಾಡು ಪಡಬೇಡಿ ಅಂತ ಹೇಳಿ ಕಳಿಸಿದೆ.

ಇಗೋ ಉತ್ತರ. ದೂರು ಕೊಡು. ಧಾರಾಳವಾಗಿ ಕೊಡು. ಆದರೆ ಏನಂತ ಕೊಡುತ್ತೀಯ ಅನ್ನುವುದನ್ನು ಮಾತ್ರ ಒಂದು ಸಲ ನಿಧಾನವಾಗಿ ಯೋಚನೆ ಮಾಡು.

ಯಾರು ನುಡಿಸುತ್ತಿದ್ದಾರೆ ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು ಅಂತಲೇ ಅಲ್ಲವೇ ಪರದೆ ಕಟ್ಟುವುದು? ನಡಿಗೆಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿದುಬಿಡುತ್ತದೆ ಅಂತ ಚಪ್ಪಲಿ ಬಿಚ್ಚಿಸಿ ಜಮಖಾನದ ಮೇಲೆ ನಡೆಸಿಕೊಂಡು ಹೋಗುತ್ತಾರೆ. ಬಾಯಿಬಿಟ್ಟು ಒಂದು ಮಾತಾಡುವ ಹಾಗಿಲ್ಲ. ಹೆಸರುಗಳು ಗೊತ್ತಿರುವುದು ಮ್ಯಾನೇಜರಿಗೆ ಒಬ್ಬರಿಗೇ. ತೀರ್ಪಿಗೆ ಕೂತ ನಿಮಗೆಲ್ಲ ಸಿಗುವುದು ಚೀಟಿ ಎತ್ತಿ ಬಂದ ಸಂಖ್ಯೆ ಅಷ್ಟೇ. ಇಷ್ಟು ಕಟ್ಟುನಿಟ್ಟಿನೊಳಗೇ ನೀನು ನಿನ್ನ ಶಿಷ್ಯೆಗೆ, ನಾವೆಲ್ಲ ಕಡ್ಡಿ ಅಂತ ಕರೆಯುವ ಆ ಸಣಕಲು ಹುಡುಗಿಗೆ, ಒಂದು ಗುರುತು ಹೇಳಿಕೊಟ್ಟೆ. ನಿಧಾನಗತಿಯ ತುಣುಕಿನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರಕ್ಕೆ ಹೋಗುವಾಗ ಉಳಿದವರೆಲ್ಲ ಪಕ್ಕದ ತಂತಿಗೆ ದಾಟುತ್ತಾರೆ, ನೀನು ದಾಟಬೇಡ, ಅದೇ ತಂತಿಯ ಮೇಲೆ ಮೂರನೇ ಬೆರಳನ್ನು ಜಾರಿಸಿಕೊಂಡು ಹೋಗು, ಒಂಚೂರು ತಡವಾಗಿ ಸ್ವರ ಮುಟ್ಟು, ಆಗ ನೀನೇ ಅಂತ ನನಗೆ ತಿಳಿಯುತ್ತದೆ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಅಂತ ಧೈರ್ಯ ಹೇಳಿದೆ. ಈಗ ಆ ಗುರುತನ್ನು ನಾನು ಕದ್ದೆ ಅನ್ನುತ್ತೀಯ. ಕದ್ದೆ ಅಂತ ದೂರು ಕೊಡಬೇಕಾದರೆ, ಅಂಥದ್ದೊಂದು ಗುರುತು ಇತ್ತು ಅಂತ ಮೊದಲು ನೀನು ಒಪ್ಪಿಕೊಳ್ಳಬೇಕು. ಮ್ಯಾನೇಜರ ಮೇಜಿನ ಎದುರು ನಿಂತು ಆ ಮಾತನ್ನು ನೀನು ಹೇಗೆ ಜೋಡಿಸುತ್ತೀಯ ಅಂತ ಕೇಳುವ ಆಸೆ ನನಗೆ ತುಂಬಾ ಇದೆ.

ಗುರುತಿನ ವಿಷಯ ನನಗೆ ಯಾರು ಹೇಳಿದರು ಅಂತ ಮಾವನ ಬಾಯಲ್ಲಿ ಕೇಳಿಸಿದ್ದೀಯ. ಕಡ್ಡಿಯೇ ಹೇಳಿದಳು. ಯಾವಾಗ ಹೇಳಿದಳು ಅನ್ನುವುದು ಸದ್ಯಕ್ಕೆ ಇರಲಿ.

ಪರದೆ ಸರಿಸಿದಾಗ ನಿನ್ನ ಮುಖ ಹೇಗಿತ್ತು ಅಂತ ನಿನಗೆ ಯಾರೂ ಹೇಳಿರಲಾರರು, ನಾನು ಹೇಳುತ್ತೇನೆ. ಕೊನೆಯ ಸುತ್ತಿಗೆ ಉಳಿದವರು ಇಬ್ಬರೇ. ಮ್ಯಾನೇಜರು ಗೆದ್ದವರ ಸಂಖ್ಯೆ ಕೂಗಿ, ಹಗ್ಗ ಎಳೆದು ಪರದೆಯನ್ನು ಪಕ್ಕಕ್ಕೆ ಸರಿಸಿದರು. ನೀನು ಆಗಲೇ ಎದ್ದು ನಿಂತಿದ್ದೆ. ಎರಡೂ ಕೈ ಅರ್ಧ ಚಾಚಿದ್ದೆ, ಶಿಷ್ಯೆಯನ್ನು ಹರಸುವುದಕ್ಕೆ ಬೇಕಾದಷ್ಟು ನಗು ಮುಖದ ತುಂಬ ತುಂಬಿಕೊಂಡಿದ್ದೆ. ಎದುರಿಗೆ ನೋಡಿದರೆ ಕಾಲುಚೀಲದಲ್ಲಿ ನಾನು. ಚಾಚಿದ ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದೆ ನೀನು ಕೋಟಿನ ಗುಂಡಿ ಹಾಕಿಕೊಂಡೆ, ಅದು ಆಗಲೇ ಹಾಕಿತ್ತು, ಬಿಚ್ಚಿ ಮತ್ತೆ ಹಾಕಿದೆ. ಇಂಗು ತಿಂದ ಮಂಗ ಅನ್ನುತ್ತಾರಲ್ಲ, ಅದನ್ನು ಇಷ್ಟು ಹತ್ತಿರದಿಂದ ನಾನು ಅವತ್ತೇ ನೋಡಿದ್ದು.

ಅಷ್ಟಕ್ಕೇ ಮುಗಿದಿದ್ದರೆ ನಿನ್ನ ಪುಣ್ಯ. ವೃಂದದ ನಿರ್ದೇಶಕರು ಬಂದು ನನ್ನ ಕೈ ಕುಲುಕಿ, ನಿನ್ನ ಎದುರಿಗೇ ಎಲ್ಲ ಬಿಚ್ಚಿಟ್ಟರು. ಅಂಕ ಹಾಕುವಾಗ ಎಲ್ಲರಿಗಿಂತ ಹೆಚ್ಚು ವಾದ ಮಾಡಿದವನು ನೀನಂತೆ. ಆ ಒಂದು ಜಾರು ಕೇಳಿದರೆ ಸಾಕು, ಇಂಥ ಕೈ ನಮ್ಮ ಊರಿಗೆ ಮತ್ತೆ ಸಿಗುವುದಿಲ್ಲ ಅಂದೆಯಂತೆ. ಇನ್ನೊಬ್ಬ ಅಭ್ಯರ್ಥಿ ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ ನುಡಿಸಿದಳು, ಅದು ನಮಗೆ ಬೇಡ ಅಂತಲೂ ಅಂದೆಯಂತೆ. ಆ ಇನ್ನೊಬ್ಬಳು ನನ್ನ ಹಿಂದೆಯೇ ನಿಂತಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಕಡ್ಡಿ ನಿನ್ನ ಕಡೆ ನೋಡಿದ ನೋಟ ನೀನು ನೋಡಲಿಲ್ಲ, ಗುಂಡಿ ಹಾಕಿಕೊಳ್ಳುವುದರಲ್ಲಿ ಇದ್ದೆ. ನಾನು ನಿರ್ದೇಶಕರಿಗೆ ಥ್ಯಾಂಕ್ಸ್ ಹೇಳಿದೆ, ನಿನಗೂ ಹೇಳಿದೆ. ಆ ಥ್ಯಾಂಕ್ಸ್ ಹೇಳುವಾಗ ಸಿಕ್ಕಿದ ಸುಖ ನನಗೆ ಯಾವ ಕಛೇರಿಯ ಚಪ್ಪಾಳೆಯಲ್ಲೂ ಸಿಕ್ಕಿಲ್ಲ.

ಸೇಡು ಅನ್ನುತ್ತೀಯಾ? ಹೌದು ಅಂತಲೇ ಇಟ್ಟುಕೋ. ನನಗೇನೂ ನಾಚಿಕೆಯಿಲ್ಲ.

ನಿನ್ನ ಪಕ್ಕದ ಕುರ್ಚಿ ಹಿಂದೆಯೂ ಒಂದು ಸಲ ಖಾಲಿಯಾಗಿತ್ತು. ಆಗ ನಾನಿನ್ನೂ ಮನೆಯಲ್ಲೇ ಇದ್ದೆ. ಬಚ್ಚಲುಮನೆಯಲ್ಲಿ ಸದ್ದು ಚೆನ್ನಾಗಿ ಮೊಳಗುತ್ತದೆ ಅಂತ ಅಲ್ಲೇ ನಿಂತು ಅಭ್ಯಾಸ ಮಾಡುತ್ತಿದ್ದೆ. ನೀನು ಬಾಗಿಲು ತಟ್ಟಿ, ಇನ್ನೊಂದು ಸಲ ನುಡಿಸು, ಇನ್ನೂ ಚೆನ್ನಾಗಿ ಬರುತ್ತದೆ ಅಂತ ಹುರಿದುಂಬಿಸುತ್ತಿದ್ದೆ. ಹಾಗೆ ಹುರಿದುಂಬಿಸಿದ ಬಾಯಲ್ಲೇ ನಿರ್ದೇಶಕರ ಹತ್ತಿರ ಹೋಗಿ, ಹೆಂಡತಿಯ ಎಡಗೈ ಬೆಳಗಿನ ಹೊತ್ತು ನಡುಗುತ್ತದೆ, ಅವಳಿಗೆ ಗೊತ್ತಾದರೆ ಕುಗ್ಗಿಹೋಗುತ್ತಾಳೆ, ನೀವೇ ಹೇಗಾದರೂ ತಡೆಯಿರಿ ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಕೆಟ್ಟವನಾಗಿ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಒಳ್ಳೆಯ ಗಂಡನಾಗಿ ಹೇಳಿದೆ, ಅದಕ್ಕೇ ನಂಬಿದರು.

ನನ್ನನ್ನು ಕೈ ತೋರಿಸಿಕೊಂಡು ಬಾ ಅಂತ ವೈದ್ಯರ ಹತ್ತಿರ ಕಳಿಸಿದರು. ಎಲ್ಲರಿಗೂ ಮಾಡುವ ತಪಾಸಣೆ ಇರಬೇಕು ಅಂದುಕೊಂಡು ಹೋದೆ, ಪೆದ್ದಿ. ವೈದ್ಯರು ಕೈ ಚಾಚಿಸಿದರು, ಬೆರಳು ಮಡಚಿಸಿದರು, ಸೂಜಿಗೆ ದಾರ ಪೋಣಿಸಲು ಹೇಳಿದರು. ಪೋಣಿಸಿಕೊಟ್ಟೆ. ಅವರು ನಕ್ಕು, ಈ ವಯಸ್ಸಿಗೆ ನನ್ನ ಕೈಯೂ ಇಷ್ಟು ಗಟ್ಟಿಯಿಲ್ಲ, ನಿಮ್ಮ ಯಜಮಾನರು ಸುಮ್ಮನೆ ಗಾಬರಿಪಟ್ಟಿದ್ದಾರೆ, ನಿಮ್ಮ ಮೇಲೆ ತುಂಬಾ ಪ್ರೀತಿ ಅಂತ ಕಾಣುತ್ತದೆ ಅಂದರು. ಹೊರಗೆ ಬಂದು ಬಸ್ಸಿನ ಕಂಬ ಹಿಡಿದು ನಿಂತಾಗಲೇ ನೀನು ಮಾಡಿದ್ದು ಏನು ಅಂತ ನನಗೆ ಹೊಳೆದದ್ದು. ಅಷ್ಟರೊಳಗೆ ಆಡಿಷನ್ ಮುಗಿದಿತ್ತು, ಬೇರೆ ಯಾರಿಗೋ ಕುರ್ಚಿ ಹೋಗಿತ್ತು, ನನ್ನನ್ನು ಕೊನೆಯ ಸಾಲಿಗೆ ಕಳಿಸಿಯಾಗಿತ್ತು, ಬಾಗಿಲಿನ ಪಕ್ಕಕ್ಕೆ. ಅಲ್ಲಿ ಯಾರಾದರೂ ಒಳಗೆ ಬಂದಾಗಲೆಲ್ಲ ತಣ್ಣನೆ ಗಾಳಿ ಹೊಡೆದು ತಂತಿಯ ಶ್ರುತಿ ಇಳಿದುಹೋಗುತ್ತದೆ.

ಅವತ್ತು ಸಂಜೆ ನೀನು ಅಡುಗೆಮನೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದೆ. ಒಂದೇ ಮನೆಯ ಇಬ್ಬರೂ ಮುಂದೆ ಕೂತರೆ ನಾಲ್ಕು ಜನ ನಾಲ್ಕು ಥರ ಮಾತಾಡುತ್ತಾರೆ, ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಅಂತ ಹೇಳಿ ನನ್ನ ಕಡೆ ಒಂದು ತೊಳೆ ಚಾಚಿದೆ. ಸುಳ್ಳು ಹೇಳಿದ್ದಕ್ಕಿಂತ ಆ ಕಿತ್ತಳೆ ತೊಳೆ ನನಗೆ ಹೆಚ್ಚು ಉರಿಯಿತು. ಪಿಟೀಲು ಮತ್ತು ಒಂದು ಸೂಟ್‌ಕೇಸು ತೆಗೆದುಕೊಂಡು ಹೊರಟೆ.

ಆಮೇಲೆ ನನ್ನ ಕೈಗೆ ಏನಾಯಿತು ಗೊತ್ತೇ? ಏನೂ ಆಗಲಿಲ್ಲ, ಅದೇ ಕಷ್ಟ. ವೈದ್ಯರು ಸರಿಯಾಗಿದೆ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ, ನೀನು ನಡುಗುತ್ತದೆ ಅಂದದ್ದು ಮಾತ್ರ ಊರೆಲ್ಲ ಹರಡಿತು. ಮನೆಗೆ ಪಾಠಕ್ಕೆ ಬರುತ್ತಿದ್ದ ಮಕ್ಕಳನ್ನು ತಾಯಂದಿರು ಒಬ್ಬೊಬ್ಬರಾಗಿ ಬಿಡಿಸಿದರು. ಬೇರೆ ವೃಂದದವರು ಒಂದು ಕಛೇರಿಗೆ ಕರೆದು, ಆಮೇಲೆ ಬೇಡ ಅಂತ ಸುದ್ದಿ ಕಳಿಸಿದರು. ಕ್ಯಾಂಟೀನಿನಲ್ಲಿ ಕೊಳಲಿನವಳು ನನ್ನ ಕಪ್ಪಿಗೆ ಅರ್ಧವೇ ಕಾಫಿ ಹಾಕುತ್ತಾಳೆ, ಚೆಲ್ಲಿಕೊಳ್ಳಬಾರದು ಅಂತ. ಒಳ್ಳೆಯ ಹುಡುಗಿ, ಬೈಯಲೂ ಆಗುವುದಿಲ್ಲ. ತುಂಬಿದ ಒಂದು ಕಪ್ಪು ಕಾಫಿ ಕುಡಿದು ಎಷ್ಟು ಕಾಲವಾಯಿತೋ. ಪಿಟೀಲಿನವಳಿಗೆ ಕೈ ನಡುಗುತ್ತದೆ ಅನ್ನುವುದಕ್ಕಿಂತ ಅವಳು ಸತ್ತಳು ಅನ್ನುವುದು ಮೇಲು, ಸತ್ತವರ ಬಗ್ಗೆಯಾದರೂ ಒಳ್ಳೆಯ ಮಾತಾಡುತ್ತಾರೆ.

ಇನ್ನು ಕಳ್ಳತನದ ಮಾತು. ಆ ಜಾರು ನಿನ್ನದು, ಅದನ್ನು ನಾನು ಕದ್ದೆ ಅನ್ನುತ್ತೀಯ. ಅದು ನಿನಗೆ ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀಯಾ?

ಮೇಷ್ಟ್ರ ಹತ್ತಿರ ಕಲಿಯುತ್ತಿದ್ದಾಗ, ಪರೀಕ್ಷೆಯ ಹಿಂದಿನ ದಿನ, ತಗಡಿನ ಡಬ್ಬದ ಮುಚ್ಚಳ ತೆಗೆಯಲು ಹೋಗಿ ನನ್ನ ಎಡಗೈ ತೋರುಬೆರಳಿನ ತುದಿ ಸೀಳಿಕೊಂಡೆ. ಕರವಸ್ತ್ರ ಹರಿದು ಕಟ್ಟಿದವನು ನೀನೇ. ಪಿಟೀಲಿನವರ ಲೆಕ್ಕದಲ್ಲಿ ಅದೇ ಮೊದಲನೇ ಬೆರಳು, ತಂತಿಗೆ ತಾಗಿಸುವ ಹಾಗಿರಲಿಲ್ಲ. ಪಕ್ಕದ ತಂತಿಗೆ ದಾಟಲು ಅದೇ ಬೆರಳು ಬೇಕು. ಏನು ಮಾಡುವುದು, ಮೂರನೇ ಬೆರಳನ್ನೇ ಇದ್ದ ತಂತಿಯ ಮೇಲೆ ಮೇಲಕ್ಕೆ ತಳ್ಳಿಕೊಂಡು ಹೋದೆ, ನೋವಿಗೆ ಹೆದರಿ ಒಂಚೂರು ತಡವಾಗಿ ಮುಟ್ಟಿದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಇನ್ನೊಂದು ಸಲ ನುಡಿಸು ಅಂದರು. ಮಾರನೇ ವಾರ ನಿನಗೂ ಅದನ್ನೇ ಪ್ರಯತ್ನ ಮಾಡು ಅಂದರು. ನಿನಗೆ ಅದು ಕೈಗೆ ಕೂರಲು ಇಡೀ ಚಳಿಗಾಲ ಹಿಡಿಯಿತು, ನಾನೇ ಪಕ್ಕದಲ್ಲಿ ಕೂತು ನಿನ್ನ ಬೆರಳು ಹಿಡಿದು ಜಾರಿಸಿದ್ದು.

ಮುಂದೆ ನೀನು ದೊಡ್ಡವನಾದೆ. ನಿಟ್ಟುಸಿರಿನಂಥ ಜಾರು ಅಂತ ಪತ್ರಿಕೆಯವರು ಬರೆದರು. ನನಗೂ ಹೆಮ್ಮೆಯಾಯಿತು ಕಣೋ, ಸುಳ್ಳು ಯಾಕೆ ಹೇಳಲಿ. ನನ್ನದು ಅಂತ ಹೇಳಿಕೊಳ್ಳಬೇಕು ಅಂತ ಅನಿಸಲೇ ಇಲ್ಲ, ಮನೆಯೊಳಗಿನ ವಸ್ತು ಯಾರದಾದರೇನು ಅನ್ನುವ ಹಾಗೆ ಇದ್ದೆ. ನೀನು ಬೇಕೆಂದೇ ನುಂಗಿ ನೀರು ಕುಡಿದಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆನೋ ಏನೋ. ನೀನು ನಿಜಕ್ಕೂ ಮರೆತಿದ್ದೀಯ. ನನ್ನ ಗಾಯದಲ್ಲಿ ಹುಟ್ಟಿದ್ದನ್ನು ನಿನ್ನ ಸ್ವಂತದ್ದು ಅಂತ ನಂಬಿ, ಇನ್ನೊಬ್ಬಳಿಗೆ ಕಳ್ಳಗುರುತಾಗಿ ಕೊಟ್ಟೆ. ಜಾರಿದ ಆ ಮೂರನೇ ಬೆರಳಿಗೆ ನೀನೇ ಉಂಗುರವನ್ನೂ ಹಾಕಿದ್ದೆ, ಅದಾದರೂ ನೆನಪಿದೆಯಾ?

ಸಾಕು, ಅಳುವ ಹಾಗೆ ಬರೆಯುತ್ತಿದ್ದೇನೆ. ವಿಷಯಕ್ಕೆ ಬರುತ್ತೇನೆ.

ಗುರುವಾರ ಹೊಸ ಕಾರ್ಯಕ್ರಮದ ಮೊದಲ ತಾಲೀಮು. ವಾಡಿಕೆಯ ಹಾಗೆ ಮುಖ್ಯ ಪಿಟೀಲುಗಾರನಾದ ನೀನು ಎದ್ದು ನಿಂತು, ಶ್ರುತಿಯ ಸ್ವರ ಊದುವ ಓಬೋದವರಿಗೆ ಸನ್ನೆ ಮಾಡಿ, ಎಲ್ಲರ ಶ್ರುತಿ ಸೇರಿಸಬೇಕು. ಆ ಸನ್ನೆ ಮಾಡುವ ಮೊದಲು ನೀನು ಎಲ್ಲರ ಕಡೆ ತಿರುಗಬೇಕು. ನನ್ನ ಹೆಂಡತಿಯ ಕೈ ಎಂದೂ ನಡುಗಿಲ್ಲ, ನಾನು ಹೇಳಿದ್ದು ಸುಳ್ಳು ಅಂತ ಹೇಳಬೇಕು. ಹಿಂದಿನ ಸಾಲಿನ ನಗಾರಿಯವನಿಗೂ ಕೇಳಿಸಬೇಕು, ಅವನಿಗೆ ಕಿವಿ ಸ್ವಲ್ಪ ಮಂದ ಅಂತ ನಿನಗೆ ಗೊತ್ತೇ ಇದೆ. ತಪ್ಪು ತಿಳುವಳಿಕೆಯಾಗಿತ್ತು, ವೈದ್ಯರು ಹೀಗೆ ಹೇಳಿದ್ದರು ಅಂತೆಲ್ಲ ಬೆಣ್ಣೆ ಹಚ್ಚಿ ಜಾರಿಕೊಳ್ಳುವ ಹಾಗಿಲ್ಲ. ‘ಸುಳ್ಳು’ ಅನ್ನುವ ಪದವೇ ಬರಬೇಕು.

ನೀನು ಹೇಳದಿದ್ದರೆ ನಾನು ಎದ್ದು ನಿಲ್ಲುತ್ತೇನೆ. ಗುರುತಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಆಡಿಷನ್ ರದ್ದಾಗುತ್ತದೆ, ನನ್ನ ಕುರ್ಚಿ ಹೋಗುತ್ತದೆ, ಗೊತ್ತು. ನಿನ್ನದೂ ಹೋಗುತ್ತದೆ. ನನಗೆ ಕೊನೆಯ ಸಾಲು ಗೊತ್ತು, ಬಾಗಿಲ ಗಾಳಿ ಗೊತ್ತು, ಅರ್ಧ ಕಪ್ಪು ಕಾಫಿ ಗೊತ್ತು. ಅಲ್ಲಿಗೆ ವಾಪಸು ಹೋಗಲು ನನಗೇನೂ ಭಯವಿಲ್ಲ. ನೀನು ಅಲ್ಲಿ ಒಂದು ದಿನವೂ ಕೂತವನಲ್ಲ. ನನಗೆ ಬೇಕಾದದ್ದು ನಿನ್ನ ಪಕ್ಕದ ಕುರ್ಚಿಯಲ್ಲ, ನನ್ನ ಕೈಯ ಹೆಸರು. ಅದನ್ನು ನೀನೇ ಕೆಡಿಸಿದ್ದು, ನೀನೇ ವಾಪಸು ಕೊಡಬೇಕು.

ಕೊಟ್ಟ ಮೇಲೂ ನಾನು ಆ ಕುರ್ಚಿ ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡ. ಸ್ವರಪುಸ್ತಕದ ಒಂದೇ ಸ್ಟ್ಯಾಂಡಿನ ಮುಂದೆ ಇಬ್ಬರು ಕೂತರೆ ಒಳಗಡೆ ಕೂತವರು, ಅಂದರೆ ನಾನು, ಪುಟ ತಿರುಗಿಸಬೇಕು. ಅಂದರೆ ಇನ್ನು ಮುಂದೆ ಪ್ರತಿ ಕಛೇರಿಯಲ್ಲೂ, ಸಭೆ ತುಂಬಿರುವಾಗ, ನೀನು ಪುಟದ ಕೊನೆಯ ಸಾಲಿಗೆ ಬಂದಾಗಲೆಲ್ಲ, ನನ್ನ ಕೈ ಏಳುತ್ತದೋ ಇಲ್ಲವೋ ಅಂತ ಕಾಯುತ್ತೀಯ. ಏಳುತ್ತದೆ. ಸರಿಯಾದ ಹೊತ್ತಿಗೇ ಏಳುತ್ತದೆ, ನಾನು ಕೆಲಸದಲ್ಲಿ ಮೋಸ ಮಾಡುವವಳಲ್ಲ. ಆದರೆ ಒಂದೊಂದು ಸಲವೂ ನಿನ್ನ ಎದೆ ಧಸಕ್ಕೆನ್ನಲಿ, ನಿವೃತ್ತಿಯವರೆಗೂ ಅನ್ನಲಿ. ಅಷ್ಟು ನನಗೆ ಸಾಕು.

ಕಡ್ಡಿಯನ್ನು ಬೈಯಬೇಡ. ಅವಳು ಇನ್ನು ನಿನ್ನ ಹತ್ತಿರ ಪಾಠಕ್ಕೆ ಬರುವುದಿಲ್ಲ, ಬುಧವಾರ ಬುಧವಾರ ಇಲ್ಲಿಗೆ ಬರುತ್ತಾಳೆ. ಅವಳಿಗೆ ಅವಳದೇ ಕೈ ಇದೆ, ಅದು ಯಾರದೋ ನಕಲಾಗುವುದು ನನಗೆ ಇಷ್ಟವಿಲ್ಲ.

ಗುರುವಾರದಿಂದ ನಿನ್ನ ಎಡಕ್ಕೆ ಕೂರುವವಳು,
ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲೋ ಬೇಡವೋ ಅಂತ ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಕಡ್ಡಿ ನನಗೆ ಹೇಳಿದ್ದು ಆಡಿಷನ್ನಿಗೆ ಮೊದಲೇ. ಆ ಜಾರು ಅವಳ ಕೈಗೆ ಕೂರುತ್ತಿರಲಿಲ್ಲ. ಇಷ್ಟು ವರ್ಷ ಅವರ ಜೊತೆ ಇದ್ದವರು ನೀವು, ಅವರು ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ತೋರಿಸಿಕೊಡಿ ಅಂತ ನನ್ನ ಹತ್ತಿರವೇ ಬಂದಳು. ಇಷ್ಟು ಅವಸರ ಯಾಕಮ್ಮ ಅಂದೆ. ಅಳುತ್ತಾ ಎಲ್ಲ ಹೇಳಿ, ಕೊನೆಗೆ ನನಗೆ ಈ ಗುರುತೂ ಬೇಡ ಏನೂ ಬೇಡ, ನನ್ನ ಹಾಗೆ ನುಡಿಸಿ ನೋಡುತ್ತೇನೆ ಅಂತ ಅವಳೇ ಹಠ ಹಿಡಿದು ಎದ್ದುಹೋದಳು. ಅವಳೇ ಅಷ್ಟು ನೇರ ಇರುವಾಗ ನನಗ್ಯಾಕೆ ಅಂತ ನಾನೂ ನನ್ನ ಹಳೆಯ ಜಾರು ಬಿಟ್ಟು ಬೆರಳು ಬದಲಿಸಿದೆ, ಎಲ್ಲರ ಹಾಗೆ ಪಕ್ಕದ ತಂತಿಗೆ ದಾಟುವುದನ್ನು ರೂಢಿ ಮಾಡಿಕೊಂಡೆ. ಪರದೆಯ ಹಿಂದೆ ನಿಂತು ಆ ಸ್ವರದ ಹತ್ತಿರ ಬರುತ್ತಿರುವಾಗ ನೀನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಏನಾಯಿತೋ ಏನೋ, ಬೇಕೆಂದೇ ಜಾರಿಸಿದೆ. ಗೆಲ್ಲುವುದಕ್ಕಲ್ಲ. ಇದು ಕಡ್ಡಿಯ ಬೆರಳಲ್ಲ, ಇದು ನನ್ನವಳದು ಅಂತ ನಿನಗೆ ತಿಳಿದೇ ತಿಳಿಯುತ್ತದೆ, ತಿಳಿದು ಸೊನ್ನೆ ಹಾಕುತ್ತೀಯ ಅಂದುಕೊಂಡೆ. ಸೊನ್ನೆ ಹಾಕಿದ್ದರೆ ಕುರ್ಚಿ ಹೋಗುತ್ತಿತ್ತು, ನನ್ನ ಬೆರಳಿನ ಗುರುತು ನಿನಗೆ ಇನ್ನೂ ಇದೆ ಅನ್ನುವಷ್ಟಕ್ಕೇ ನಾನು ಮನೆಗೆ ವಾಪಸು ಬರುತ್ತಿದ್ದೆನೋ ಏನೋ. ನೀನು ಪೂರ್ತಿ ಅಂಕ ಕೊಟ್ಟೆ.